‘ಯಾಕೆ ಬರಲಿಲ್ಲ’ ಎಂಬುದನ್ನು ಬರೆದಿಟ್ಟ ಲಕ್ಷ್ಮಿದೇವಮ್ಮ

ಬೆಳಗಿನ ಆರು ಗಂಟೆ. ರುದ್ರಪಟ್ಟಣದ ಕಡೆಯ ಹಳ್ಳಿಯೊಂದರ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದವರ ಸಾಲು. ಪಕ್ಕದ ಜಗಲಿಯಲ್ಲಿ ಕುಳಿತ ಲಕ್ಷ್ಮಿದೇವಮ್ಮ ಒಬ್ಬೊಬ್ಬರ ತೋಳಿಗೂ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಾರೆ, ಡಾಕ್ಟರು ಬರೆದ ತಿಂಗಳ ಮಾತ್ರೆ ಕೊಡುತ್ತಾರೆ. “ಉಪ್ಪಿನ್ಕಾಯಿ ಬುಟ್ಯಾ ಅಂದ್ರೆ ನಗ್ತೀಯಲ್ಲಕ್ಕ” ಎಂದು ಒಬ್ಬಾಕೆಯನ್ನು ಗದರುತ್ತಾರೆ.

ನಲವತ್ತೇಳರ ಈಕೆ ಅರಕಲಗೂಡಿನ ಸಣ್ಣ ಸೇವಾಸಂಸ್ಥೆಯೊಂದರ ಕಾರ್ಯಕರ್ತೆ. ಓದಿದ್ದು ಏಳನೇ ತರಗತಿ. ಗಂಡ ಲಕ್ವ ಹೊಡೆದು ತೀರಿಕೊಂಡಾಗ ಬಿ.ಪಿ. ಎಂಬುದೊಂದಿದೆ ಎಂದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹನ್ನೆರಡು ವರ್ಷದಿಂದ ನಾಲ್ಕು ಹಳ್ಳಿ ಸುತ್ತುತ್ತಿದ್ದಾರೆ. ಬಸ್ಸು ಸಿಗದ ದಿನ ನಡಿಗೆ.

ಹೋದ ವರ್ಷ ಈ ಹಳ್ಳಿಯ ಬಿ.ಪಿ. ತಪಾಸಣೆ ಕೇಂದ್ರ ಮುಚ್ಚುವುದರಲ್ಲಿತ್ತು. ಹೆಸರು ಬರೆಸಿದವರು ಐವತ್ತೆರಡು, ಬರುತ್ತಿದ್ದವರು ಹನ್ನೊಂದು. ಸಂಸ್ಥೆ ಕೊಟ್ಟ ಟ್ಯಾಬಿನಲ್ಲಿ ಬಾರದವರಿಗೆಂದು ಇದ್ದದ್ದು ಒಂದೇ ಗುಂಡಿ: ‘ಆಸಕ್ತಿ ಇಲ್ಲ’. ಅದನ್ನು ಒತ್ತದೆ ಮುಂದಿನ ಹೆಸರು ಬರುವುದಿಲ್ಲ. ಲಕ್ಷ್ಮಿದೇವಮ್ಮ ಒತ್ತಿ ಒತ್ತಿ ತಮ್ಮ ಕೇಂದ್ರಕ್ಕೆ ತಾವೇ ಬೀಗ ಹಾಕಿಸುವಂತಾಯಿತು. ಹಾಸನದಲ್ಲಿ ನಡೆದ ಸಂಸ್ಥೆಯ ಸಭೆಯಲ್ಲಿ ‘ಆಸಕ್ತಿ ಇಲ್ಲ’ ಎಂಬುದರ ಬಣ್ಣದ ಗ್ರಾಫು ನೋಡಿ, ಮುಚ್ಚೋಣವೆಂದು ಎಲ್ಲರೂ ತಲೆಯಾಡಿಸಿದರಂತೆ. ಕೇಳಿದ ನನಗೇ ಸಿಟ್ಟು ಬಂತು. ಬಿ.ಪಿ.ಗೆ ಮಾತ್ರೆ ಇಲ್ಲದಿದ್ದರೆ ಏನಾಗುತ್ತದೆಂದು ಈಕೆ ಮನೆಯಲ್ಲೇ ಕಂಡವರು.

ಪುಣ್ಯಕ್ಕೆ, ಪ್ರತಿಯೊಬ್ಬರ ಬಿ.ಪಿ. ಕಾರ್ಡಿನ ಹಿಂಬದಿಯಲ್ಲಿ ಅವರು ಪೆನ್ಸಿಲಿನಲ್ಲಿ ಕಾರಣ ಬರೆದಿಟ್ಟಿದ್ದರು. “ಬರ್ನಿಲ್ಲ ಅಂದ್ರೆ ಮನೆ ತಾವ್ಕೆ ಓಗಿ ಕೇಳ್ತಿದ್ದೆ ಸಾ. ಅದ್ನ ಬರ್ಯಕ್ಕೆ ಟ್ಯಾಬಲ್ಲಿ ಜಾಗಾನೇ ಇರ್ನಿಲ್ಲ.”

ಮುಂದಿನ ಸಭೆಗೆ ಯಾರೂ ಕರೆಯದಿದ್ದರೂ ಕಾರ್ಡುಗಳನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಸಂಯೋಜಕಿ ರಂಜಿನಿ ಅವನ್ನೆಲ್ಲ ಮೇಜಿನ ಮೇಲೆ ಮಗುಚಿಟ್ಟು ಎಣಿಸಿದರು. ಬಾರದ ನಲವತ್ತೊಂದು ಜನರಲ್ಲಿ ಮೂವತ್ತಮೂರು ಜನರ ಕಾರ್ಡಿನಲ್ಲಿ ಒಂದೇ ಮಾತು: ‘ಶುಂಠಿ ಕೆಲಸ, ಏಳಕ್ಕೆ ಆಟೋ’. ಶುಂಠಿ ಹೊಲದ ಕೂಲಿಗೆ ಹೋಗುವವರ ಆಟೋ ಏಳಕ್ಕೇ ಹೊರಡುತ್ತಿತ್ತು; ಕೇಂದ್ರ ತೆರೆಯುತ್ತಿದ್ದದ್ದು ಹತ್ತಕ್ಕೆ.

“ನಮ್ಮ ಪ್ರಶ್ನೇನೇ ತಪ್ಪಾಗಿತ್ತು” ಎನ್ನುತ್ತಾರೆ ರಂಜಿನಿ. ಕೇಂದ್ರ ಡೈರಿಯ ಜಗಲಿಗೆ ಬಂತು, ಆರು ಗಂಟೆಗೆ. ಈಗ ನಲವತ್ತಾರು ಮಂದಿ ತಪ್ಪದೆ ಬರುತ್ತಾರೆ. ಟ್ಯಾಬಿನಲ್ಲಿ ‘ಕಾರಣ’ ಬರೆಯಲು ಜಾಗವಾಗಿದೆ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಕಾರ್ಯಕರ್ತೆಯರೂ ಅದನ್ನು ತುಂಬುತ್ತಿದ್ದಾರೆ. ಇದು ಯಾರ ಪೆನ್ಸಿಲಿನಿಂದ ಶುರುವಾಯಿತೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಏಳಕ್ಕೆ ಆಟೋ ಹೊರಡುತ್ತದೆ. ನಿಮ್ಮ ಹೆಸರು ನಾಲ್ಕು ಜನಕ್ಕೆ ತಿಳಿಯಬೇಡವೇ ಎಂದು ಕೇಳುತ್ತೇನೆ. ಲಕ್ಷ್ಮಿದೇವಮ್ಮ ಆಗಲೇ ಚೀಲ ಹೆಗಲಿಗೇರಿಸಿ, ಉಳಿದ ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ.

“ಎಸ್ರು ಕಟ್ಕಂಡು ಏನ್ಮಾಡನ ಸಾ. ಕೊನೆ ಮನೆ ಬೆಟ್ಟಮ್ಮ ಇವತ್ತು ಬರ್ನಿಲ್ಲ. ಯಾಕೆ ಅಂತ ಕೇಳ್ಕಂಡ್ ಬತ್ತೀನಿ, ಇರಿ.”