ಏಳು ತಿಂಗಳು ಇಪ್ಪತ್ತು ದಿನ

ಮದರಸಾದಲ್ಲಿ ಎಲ್ಲರೂ ಅವಳನ್ನು ಪ್ರತಿಯಮ್ಮ ಎಂದೇ ಕರೆಯುತ್ತಿದ್ದರು. ಅವಳ ಗಂಡ ಅಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಉಸ್ತಾದ್. ವಿದ್ಯೆ ಬೆಟ್ಟದಷ್ಟು, ಅಕ್ಷರ ಮಾತ್ರ ದೇವರಿಗೇ ಪ್ರೀತಿ. ಅದನ್ನು ಓದಬಲ್ಲವಳು ಇವಳೊಬ್ಬಳೇ. ಅವರು ಗೀಚಿದ ಟಿಪ್ಪಣಿ ಪುಸ್ತಕವನ್ನು ಕಿಟಕಿಯ ಬಳಿಯ ಮೇಜಿನ ಮೇಲಿಟ್ಟುಕೊಂಡು ಇವಳು ಶುದ್ಧಪ್ರತಿ ಮಾಡಬೇಕು, ಉಸ್ತಾದರು ಸಹಿ ಹಾಕಬೇಕು, ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿ ಪಾಸಾಗಬೇಕು.

ಮಕ್ಕಳಿರಲಿಲ್ಲ. ಎರಡು ಕೋಣೆಯ ಆ ಕ್ವಾರ್ಟರ್ಸಿನಲ್ಲಿ ಗಂಡಹೆಂಡಿರ ಮಾತುಕತೆ ನಡೆದದ್ದೆಲ್ಲ ಆ ಮೇಜಿನ ಆಚೀಚೆಯೇ. "ಇದೇನ್ರೀ, ಇರುವೆ ಓಡಾಡಿದ ಹಾಗಿದೆ?" ಎಂದು ಇವಳು ಕೇಳಿದರೆ ಅವರು ಕನ್ನಡಕ ಏರಿಸಿ ಆ ಒಂದು ಪದ ಓದಿ ಹೇಳುವರು, ಅಷ್ಟೇ. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂದು ಹೆದರುವ ಮನುಷ್ಯ. ಇವಳಿಗೂ ಅದೇ ಅಭ್ಯಾಸವಾಗಿಬಿಟ್ಟಿತ್ತು.

ಉಸ್ತಾದರ ವಿಷಯ ರದ್ದಾದ ಸೂಕ್ತಗಳು. ಪವಿತ್ರ ಗ್ರಂಥದಲ್ಲಿ ಮೊದಲು ಬಂದ ಆಜ್ಞೆಯನ್ನು ನಂತರ ಬಂದದ್ದು ಬದಲಿಸುವುದುಂಟು. ಹಾಗಾದಾಗ ಹಳೆಯ ಆಜ್ಞೆ ನಿಂತುಹೋದರೂ ಅದರ ಓದು ನಿಲ್ಲುವುದಿಲ್ಲ, ಸೂಕ್ತ ಇದ್ದಲ್ಲೇ ಇರುತ್ತದೆ. ಅಂಥವು ಎಷ್ಟು ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಒಬ್ಬರ ಪಟ್ಟಿ ಇನ್ನೂರು ದಾಟಿದರೆ ಇನ್ನೊಬ್ಬರದು ಇಪ್ಪತ್ತಕ್ಕೆ ನಿಲ್ಲುತ್ತದೆ. ಉಸ್ತಾದರು ಪ್ರಾಯದಲ್ಲಿ ಕಂಡಕಂಡದ್ದನ್ನೆಲ್ಲ ರದ್ದು ಎನ್ನುತ್ತಿದ್ದವರು, ವಯಸ್ಸಾದಂತೆ ಎರಡು ಸೂಕ್ತಗಳನ್ನೂ ಉಳಿಸಿಕೊಳ್ಳುವ ದಾರಿ ಹುಡುಕುತ್ತ ಹುಡುಕುತ್ತ ಐದಕ್ಕೆ ಬಂದು ನಿಂತಿದ್ದರು.

ಆ ಐದರಲ್ಲಿ ಒಂದು ವಿಧವೆಯರದು. ಗಂಡ ಸತ್ತವಳನ್ನು ಒಂದು ವರ್ಷ ಮನೆಯಿಂದ ಎಬ್ಬಿಸಬಾರದು ಎನ್ನುತ್ತದೆ ಅದು. ಅವಳು ನಾಲ್ಕು ತಿಂಗಳು ಹತ್ತು ದಿನ ಕಾಯಬೇಕು ಎನ್ನುವ ಇನ್ನೊಂದು ಸೂಕ್ತವಿದೆ. ಅದು ಬಂದ ಮೇಲೆ ವರ್ಷದ ಮಾತು ರದ್ದು ಎಂದವರೇ ಹೆಚ್ಚು. ಇಲ್ಲ, ಎರಡೂ ನಿಲ್ಲುತ್ತವೆ, ಉಳಿದ ಏಳು ತಿಂಗಳು ಇಪ್ಪತ್ತು ದಿನ ಇರುವುದೂ ಹೋಗುವುದೂ ಅವಳಿಷ್ಟ ಎಂದ ಹಿರಿಯರೂ ಇದ್ದಾರೆ. ಇದನ್ನೆಲ್ಲ ಪ್ರತಿಯಮ್ಮ ಎಷ್ಟು ಸಲ ಬರೆದಿದ್ದಳೋ ಲೆಕ್ಕವಿಲ್ಲ. ತನಗೆ ಸಂಬಂಧಿಸಿದ್ದು ಎಂದು ಒಮ್ಮೆಯೂ ಅನಿಸಿರಲಿಲ್ಲ.

ಉಸ್ತಾದರು ತೀರಿಕೊಂಡರು. ನಾಲ್ಕು ತಿಂಗಳು ಹತ್ತು ದಿನ ಕಳೆದ ಬೆಳಿಗ್ಗೆ, ಒಂದು ಕಾಲದಲ್ಲಿ ಅವರ ಶಿಷ್ಯನಾಗಿದ್ದ ಪ್ರಾಂಶುಪಾಲ ಹೊಸಿಲ ಆಚೆ ನಿಂತು ನೆಲ ನೋಡುತ್ತ ಹೇಳಿದ: "ಅಮ್ಮಾ, ತಿಂಗಳ ಕೊನೆಗೆ ಹೊಸ ಉಸ್ತಾದರ ಸಂಸಾರ ಬರ್ತಿದೆ. ನಿಮ್ಮ ತಂಗಿ ಮಗಳು ಒಂದು ಕೋಣೆ ಕೊಡ್ತೀನಿ ಅಂದಿದಾರಂತಲ್ಲ?"

"ವರ್ಷ ತುಂಬೋವರೆಗೆ ಇರ್ತೀನಪ್ಪ."

"ಇಲ್ಲಿ ಕ್ವಾರ್ಟರ್ಸ್ ನಿಯಮ ನಮ್ಮ ಉಸ್ತಾದರ ಪುಸ್ತಕದ ಪ್ರಕಾರವೇ ನಡೆಯೋದು, ಅದರಲ್ಲಿ ವರ್ಷದ ಮಾತು ರದ್ದು. ನಿಮಗೆ ಗೊತ್ತಿಲ್ಲದ್ದೇನಿದೆ?"

ಗೊತ್ತಿಲ್ಲದ್ದೇನಿರಲಿಲ್ಲ. ಆದರೆ ಆ ಮೇಜು ಬಿಟ್ಟರೆ ಉಸ್ತಾದರು ಅವಳ ಪಾಲಿಗೆ ಇನ್ನೆಲ್ಲೂ ಇರಲಿಲ್ಲ. ಸಂಜೆ ಹೊತ್ತು ಎದುರಿನ ಕುರ್ಚಿಯ ಕಡೆ ತಿರುಗಿ "ಇದೇನ್ರೀ" ಎನ್ನುವುದು ಇನ್ನೂ ತಪ್ಪಿರಲಿಲ್ಲ. ತಂಗಿಯ ಮಗಳ ಮನೆಯಲ್ಲಿ ಯಾರನ್ನು ಕೇಳುವುದು?

ಅಂದು ಮಧ್ಯಾಹ್ನ ಅವಳು ಅವರ ಕೊನೆಯ ಟಿಪ್ಪಣಿ ಪುಸ್ತಕ ಬಿಚ್ಚಿದಳು. ರದ್ದಾದ ಐದರ ಪಟ್ಟಿ ಸಿಕ್ಕಿತು. ವಿಧವೆಯರ ಸೂಕ್ತದ ಮೇಲೆ ಒಂದು ಗೆರೆ ಎಳೆದಿತ್ತು.

ಆ ಗೆರೆ ಅವಳಿಗೆ ಹೊಸದಲ್ಲ. ಅವರು ಹೋಗುವ ಒಂದು ತಿಂಗಳ ಮುಂಚೆ ಪ್ರತಿ ಮಾಡುವಾಗ ನೋಡಿದ್ದಳು. ಆಗ ಅವರ ಕೈ ನಡುಗುತ್ತಿತ್ತು, ಪುಟದ ತುಂಬ ಅಡ್ಡಾದಿಡ್ಡಿ ಗೆರೆಗಳೇ. ಇದೂ ಕೈತಪ್ಪಿ ಬಿದ್ದದ್ದು ಎಂದುಕೊಂಡು ಎಂದಿನಂತೆ ಐದೂ ಬರೆದಿದ್ದಳು. ಈಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಗೆರೆ ಸೊಟ್ಟವಾದರೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಬಿಡದೆ ಹೋಗಿತ್ತು. ಅದರ ಕೆಳಗೆ ಇರುವೆಯಂಥ ಮೂರು ಅಕ್ಷರ: "ರದ್ದಲ್ಲ."

ಅವಳು ಆ ಟಿಪ್ಪಣಿ ಪುಸ್ತಕವನ್ನೂ ತಾನು ಮಾಡಿದ ಶುದ್ಧಪ್ರತಿಯನ್ನೂ ಎತ್ತಿಕೊಂಡು ಪ್ರಾಂಶುಪಾಲನ ಕೋಣೆಗೆ ಹೋದಳು. ಅವನು ಬಹಳ ಹೊತ್ತು ನೋಡಿದ.

"ಇದರಲ್ಲಿ ನಾಲ್ಕಿದೆ, ಅದರಲ್ಲಿ ಐದಿದೆ. ಯಾವುದು ಆಮೇಲಿನದು ಅಮ್ಮಾ?"

"ಪ್ರತಿ ಆಮೇಲಿನದೇ. ಆದರೆ ತಪ್ಪು ನನ್ನದಪ್ಪ. ನಾನೇ ಸೇರಿಸಿದ್ದು."

"ಸಹಿ ಅವರದ್ದು. ತಾರೀಖೂ ಅವರದ್ದೇ ಕೈ. ಆಮೇಲಿನದು ನಿಲ್ಲುತ್ತೆ ಅಂತ ನಮಗೆ ಕಲಿಸಿದ್ದೂ ಅವರೇ." ಅವನ ಕಣ್ಣು ತುಂಬಿತ್ತು. ಕಲ್ಲೆದೆಯವನೇನಲ್ಲ, ಪಾಠ ಚೆನ್ನಾಗಿ ಕಲಿತವನು, ಅಷ್ಟೇ. "ಆ ಗೆರೆಯನ್ನ ಅವರೇ ಕೈಬಿಟ್ಟಿರಬಹುದಲ್ಲವಾ?"

ಅವಳು ಮನೆಗೆ ಬಂದು ಮೇಜಿನ ಮುಂದೆ ಕುಳಿತಳು. ಸಹಿ ಹಾಕಿದ ದಿನ ಕಣ್ಣಿಗೆ ಕಟ್ಟಿದಂತೆ ಬಂತು. ಪ್ರತಿಯನ್ನು ಅವರ ಹಾಸಿಗೆಗೇ ಒಯ್ದಿದ್ದಳು. ಆ ಪುಟದಲ್ಲಿ ಅವರ ಬೆರಳು ನಿಂತಿತ್ತು. ತಲೆಯೆತ್ತಿ ಇವಳ ಮುಖವನ್ನೇ ನೋಡಿದ್ದರು. "ಯಾಕೆ, ತಪ್ಪಾಯ್ತಾ?" ಎಂದು ಕೇಳಿದ್ದಳು. ಆ ಗೆರೆ ಯಾಕೆಂದು ಹೇಳಬೇಕಾದರೆ, ನಾನು ಹೋಗುತ್ತಿದ್ದೇನೆ, ನಿನ್ನನ್ನು ಯಾರೂ ಎಬ್ಬಿಸದಿರಲಿ ಎಂದು ಹಾಗೆ ಬರೆದೆ ಎಂದು ಬಾಯಿಬಿಟ್ಟು ಹೇಳಬೇಕಿತ್ತು. "ನಿನ್ನ ಅಕ್ಷರ ಯಾವತ್ತು ತಪ್ಪಿದೆ?" ಎಂದಿದ್ದರು. ಸಹಿ ಹಾಕಿದ್ದರು.

ಮೂವತ್ತು ವರ್ಷದಲ್ಲಿ ಅವಳು ಗಂಡನ ಮೇಲೆ ದನಿಯೆತ್ತಿದವಳಲ್ಲ. ಈಗ ಎದುರಿನ ಕುರ್ಚಿಯ ಕಡೆ ತಿರುಗಿ ಜೋರಾಗಿಯೇ ಕೇಳಿದಳು: "ಗೆರೆ ಎಳೆದರೆ ಆಯ್ತೇನ್ರೀ? ಬಾಯಿರಲಿಲ್ವಾ ನಿಮಗೆ?"

ಪಕ್ಕದ ಕ್ವಾರ್ಟರ್ಸಿನವರು ಯಾರೋ ಕಿಟಕಿ ಮುಚ್ಚಿದರು. ಅವಳು ಸ್ವಲ್ಪ ಹೊತ್ತು ಉತ್ತರಕ್ಕೆ ಕಾದಳು. ಆಮೇಲೆ ಎದ್ದು, ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ತುಂಬತೊಡಗಿದಳು.