ಚಹಾ ಆದ ಮೇಲೆ

ಮೆಕ್ನೆಸ್ ಊರಿನ ಹಳೇ ಪೇಟೆಯಲ್ಲಿ ಲಲ್ಲಾ ಬತೂಲ್ ಕೈಗೆ ಬೆನ್ನು ಕೊಡದ ಹೆಂಗಸರು ಕಡಿಮೆ. ಹಮ್ಮಾಮಿನಲ್ಲಿ, ಅಂದರೆ ಪೇಟೆಯ ಬಿಸಿನೀರಿನ ಸ್ನಾನದ ಮನೆಯಲ್ಲಿ, ಮೈಯುಜ್ಜುವ ಕೆಲಸ ಬಿಟ್ಟ ಮೇಲೆ, ಬೀದಿಯಲ್ಲಿ ಮಲಗುವವರಿಗಾಗಿ ಸಂಘವೊಂದು ತೆರೆದ ಮನೆಯನ್ನು ಅವಳು ನೋಡಿಕೊಳ್ಳುತ್ತಿದ್ದಳು. ಸಂಘವೆಂದರೆ ಅಧ್ಯಕ್ಷ ಸೀ ಬೂಶ್ತಾ. ಅವರು ಭಾಷಣ ಮಾಡುತ್ತಿದ್ದರು. ಉಳಿದದ್ದನ್ನು ಬತೂಲ್ ಮಾಡುತ್ತಿದ್ದಳು.

ಬಾವಿ ಪಕ್ಕದ ಕೋಣೆಯೊಂದನ್ನು ಬಿಟ್ಟು ಮನೆ ತುಂಬಿತ್ತು. ಆ ಕೋಣೆಯನ್ನು ಕೊಟ್ಟದ್ದು ಮುದಿ ಹಮಾಲಿ ಅಲ್ಲಾಲನಿಗೆ. ಹಮ್ಮಾಮಿನ ಒಲೆಯ ಬೆಚ್ಚನೆ ಗೋಡೆಗೆ ಒರಗಿ ವರ್ಷಗಟ್ಟಲೆ ಮಲಗಿದವನು. ದಿನಾ ಸಂಜೆ ಬಂದು ಉಣ್ಣುತ್ತಿದ್ದ, ಪುದೀನ ಚಹಾ ಕುಡಿಯುತ್ತಿದ್ದ, ಮನೆಯವರನ್ನೆಲ್ಲ ಹರಸಿ ಎದ್ದು ಮತ್ತೆ ಆ ಗೋಡೆಗೇ ಹೋಗುತ್ತಿದ್ದ. ಚಳಿಗೆ ಕೆಮ್ಮು ಎದೆಗಿಳಿದಿತ್ತು. ಮೇಲಾಗಿ ಸೀ ಬೂಶ್ತಾ ಹೇಳಿಬಿಟ್ಟಿದ್ದರು, ಶುಕ್ರವಾರಕ್ಕೂ ಕೋಣೆ ಖಾಲಿ ಇದ್ದರೆ ಅದು ತಮ್ಮ ಕಚೇರಿ ಎಂದು. ಅಧ್ಯಕ್ಷರಾದವರಿಗೆ ಯೋಚನೆ ಮಾಡಲಿಕ್ಕೊಂದು ಜಾಗ ಬೇಡವೇ?

ಬತೂಲ್ ಉಪಚಾರ ಹೆಚ್ಚಿಸಿದಳು. ದಪ್ಪ ಕಂಬಳಿ ಹಾಸಿದಳು, ಮಾಂಸದ ಒಳ್ಳೆಯ ತುಂಡನ್ನು ಅವನತ್ತ ಸರಿಸಿದಳು. ಅವನು ಲೋಟ ತೊಳೆಯಲು ಹೋದರೆ ಗದರಿಸಿ ಕೂರಿಸಿದಳು. ಅಲ್ಲಾಲ್ ಇನ್ನೂ ಬೇಗ ಹೊರಡತೊಡಗಿದ. ಗುರುವಾರ ಅವಳು ಬಾಗಿಲಿಗೆ ಅಡ್ಡ ನಿಂತು, ಇಲ್ಲಿ ನಿನಗೇನು ಕಡಿಮೆಯಾಗಿದೆ ಎಂದು ಕೇಳಿಯೇಬಿಟ್ಟಳು.

"ಏನೂ ಕಮ್ಮಿ ಇಲ್ಲ ತಾಯಿ. ಆದ್ರೆ ಅತಿಥಿ ಅನ್ನಿಸ್ಕೊಂಡೋನು ಚಹಾ ಆದ್ಮೇಲೆ ಎದ್ದು ಹೋಗ್ಬೇಕು. ನಮ್ಮಪ್ಪ ಅಷ್ಟಾದ್ರೂ ಕಲಿಸಿದ್ದಾನೆ."

ಬತೂಲ್ ಹಣೆ ಬಡಿದುಕೊಂಡಳು. ಉಪಚಾರ ಮಾಡಿ ಮಾಡಿ ಅವನನ್ನು ಹೊರಗಟ್ಟುತ್ತಿದ್ದವಳು ತಾನೇ.

ಮರುದಿನ ಬೆಳಿಗ್ಗೆ ಒಲೆಗೋಡೆಯ ಬಳಿ ಹೋಗಿ ಅವನ ಮಡಿಲಿಗೆ ಹಿಟ್ಟಿನ ಚೀಲ ಹಾಕಿದಳು. "ಇವತ್ತಿಂದ ನಿನಗೆ ನಾನು ರೊಟ್ಟಿ ಕೊಡಲ್ಲ ಕಾಕಾ. ನಿನ್ನ ಮನೆ ರೊಟ್ಟಿ ನೀನೇ ಮಾಡ್ಕೋ."

ಅಲ್ಲಾಲ್ ಬೈದುಕೊಳ್ಳುತ್ತಲೇ ಬಂದು ಹಿಟ್ಟು ನಾದಿದ. ಹಲಗೆಯ ಮೇಲಿಟ್ಟು, ಓಣಿಯವರೆಲ್ಲ ರೊಟ್ಟಿ ಬೇಯಿಸಿಕೊಳ್ಳುವ ಒಲೆಮನೆಗೆ ಒಯ್ದ. ಅಲ್ಲಿ ಒಂದು ಮನೆಯ ರೊಟ್ಟಿ ಇನ್ನೊಂದು ಮನೆಗೆ ಹೋಗಬಾರದೆಂದು ಪ್ರತಿ ಮನೆಗೂ ಒಂದು ಗುರುತು. ಇದು ಯಾರ ಮನೆಯದೆಂದು ಒಲೆಯವ ಕೇಳಿದ. ಅಲ್ಲಾಲ್ ಹಸಿ ರೊಟ್ಟಿಯ ಮೇಲೆ ಗುರುತಿಗೆ ಹೆಬ್ಬೆರಳು ಒತ್ತಿ, ಬಾವಿ ಪಕ್ಕದ ಕೋಣೆಯದು ಎಂದ.

"ಆಗ್ಲಿ ಕಾಕಾ. ಬೆಂದು ಕಲ್ಲಾದ್ಮೇಲೆ ಬಾಗಿಲಿಗೆ ಒತ್ತು ಕೊಡೋಕಾದ್ರೂ ಬರುತ್ತೆ," ಎಂದ ಒಲೆಯವ.

ಸಂಜೆ ಸೀ ಬೂಶ್ತಾ ಮೇಜಿಗೆ ಅಳತೆ ತೆಗೆಯಲು ಟೇಪು ಹಿಡಿದು ಬಂದರು. ಕೋಣೆಯ ಹೊಸ್ತಿಲಲ್ಲಿ ಅಲ್ಲಾಲ್ ಎದೆಯ ಮೇಲೆ ಕೈಯಿಟ್ಟು, "ಬನ್ನಿ, ನಮ್ಮನೆಗೆ ಬನ್ನಿ," ಎಂದ. ಕೂರಿಸಿದ, ಕೈಗೆ ನೀರು ಹಾಕಿದ, ತನ್ನ ರೊಟ್ಟಿಯನ್ನೇ ಮುರಿದುಕೊಟ್ಟ. ಮನೆಗೆ ಬಂದವರು ಬೇಡವೆನ್ನುವಂತಿಲ್ಲ. ಅಗಿಯುವಷ್ಟು ಹೊತ್ತೂ ಸೀ ಬೂಶ್ತಾ ಭಾಷಣ ಮಾಡಲಿಲ್ಲ. ಪೇಟೆಯ ಇತಿಹಾಸದಲ್ಲಿ ಅಷ್ಟು ದೀರ್ಘ ಮೌನ ಬೇರೊಂದಿಲ್ಲ.

ಚಹಾ ಆಯಿತು. ಅಧ್ಯಕ್ಷರು ಅಲ್ಲಾಡಲಿಲ್ಲ. ಅಲ್ಲಾಲ್ ಖಾಲಿ ಲೋಟ ನೋಡಿದ, ಬಾಗಿಲು ನೋಡಿದ, ಕೊನೆಗೆ ಅವರ ಮುಖವನ್ನೂ ನೋಡಿದ. ಸೀ ಬೂಶ್ತಾ ಎದ್ದು, ಮನೆಯವನನ್ನು ಹರಸಿ, ಚಪ್ಪಲಿ ಮೆಟ್ಟಿದರು.

ಅವರನ್ನು ಓಣಿಯ ತುದಿವರೆಗೆ ಕಳಿಸಲು ಹೋದವನು ಹಿಂದಿರುಗುವನೋ ಇಲ್ಲವೋ ಎಂದು ಬತೂಲ್ ಅಂಗಳದಲ್ಲಿ ಕಾದಳು. ಅಲ್ಲಾಲ್ ಕೆಮ್ಮುತ್ತಾ ಬಂದ, ಎರಡೂ ಲೋಟ ತೊಳೆದ, ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ.