ಮೈಕ್ ಆನ್ ಉಂಟಾ?

ಮಾತಿಗೆ ಬಾಯಿ ತೆರೆಯುವ ಮೊದಲು ಅವರು ಕಾಲರಿಗೆ ಸಿಕ್ಕಿಸಿದ ಪುಟ್ಟ ಮೈಕನ್ನು ಬೆರಳಿನಿಂದ ಮುಟ್ಟಿ, "ಮೈಕ್ ಆನ್ ಉಂಟಾ ಮಾರಾಯ್ರೆ?" ಎಂದು ಕೇಳುತ್ತಿದ್ದರು. ಒಂದು ಕಾಲದಲ್ಲಿ ಮಂಗಳೂರಿನ ಆರ್ಕೆಸ್ಟ್ರಾಗಳಲ್ಲಿ ಹಾಡಿ ಹೆಸರು ಮಾಡಿದವರು. ಅಬುಧಾಬಿಯಲ್ಲಿ ನಾವು ಕೆಲವು ಗೆಳೆಯರು ರಜಾದಿನಗಳಲ್ಲಿ ಸಾಕ್ಷ್ಯಚಿತ್ರವನ್ನು ಅಣಕಿಸುವ ಹಾಸ್ಯಚಿತ್ರವೊಂದನ್ನು ಮಾಡಲು ಹೊರಟಾಗ, ಮತ್ತೆ ವೇದಿಕೆಗೆ ಬರುವ ಹಳೆಯ ಗಾಯಕನ ಪಾತ್ರಕ್ಕೆ ಅವರನ್ನೇ ಕರೆದಿದ್ದೆವು. ಧ್ವನಿಮುದ್ರಣ ನನ್ನ ಪಾಲಿಗೆ ಬಂದಿತ್ತು.

ಅಂದು ಹಮ್ದಾನ್ ಸ್ಟ್ರೀಟಿನ ಒಂದು ಹಾಲ್‌ನಲ್ಲಿ ಶೂಟಿಂಗ್. ಎರಡನೇ ಚರಣದಲ್ಲಿ ಅವರು ಸಾಲು ಮರೆತಂತೆ ನಟಿಸಬೇಕಿತ್ತು. ಆದರೆ ಪಲ್ಲವಿಯಲ್ಲೇ ನಿಂತುಬಿಟ್ಟರು. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಎಂಥ ಆ್ಯಕ್ಟಿಂಗ್ ಮಾರಾಯ್ರೆ!" ಎಂದ ನಿರ್ದೇಶಕ. ಅವರೂ ನಕ್ಕು ಬಾತ್‌ರೂಮಿಗೆ ಹೋದರು. ಆಗ ಮಾತ್ರ ಅವರಿಗೆ ಮೈಕಿನ ನೆನಪಾಗಲಿಲ್ಲ.

ನನ್ನ ಹೆಡ್‌ಫೋನಿನಲ್ಲಿ ನಲ್ಲಿಯ ನೀರಿನ ಸದ್ದು. ಅದರ ನಡುವೆ ಅವರ ಪಿಸುದನಿ: ಮೂವತ್ತು ವರ್ಷ ಹಾಡಿದ ಹಾಡಿನ ಮೊದಲ ಎರಡು ಪದ, ಮತ್ತೆ ಅದೇ ಎರಡು ಪದ, ಮತ್ತೆ ಅದೇ. ಮೂರನೆಯದು ಬರಲೇ ಇಲ್ಲ. "ದೇವರೇ, ಎಲ್ಲಿ ಹೋಯ್ತು?" ಎಂದರು. ನಾನು ಹೆಡ್‌ಫೋನ್ ತೆಗೆಯಬೇಕಿತ್ತು; ತೆಗೆಯಲಿಲ್ಲ.

ಮುಖ ಒರೆಸಿಕೊಂಡು ಬಂದವರು ನನ್ನ ಕಿವಿಯತ್ತ ನೋಡಿ ನಿಂತರು.

"ಮೈಕ್ ಆನ್ ಇತ್ತಾ?"

"ಇಲ್ಲ ಸರ್, ಆಫ್ ಇತ್ತು."

ಅವರ ಸೊಂಟಕ್ಕೆ ಕಟ್ಟಿದ್ದ ಮೈಕಿನ ಡಬ್ಬಿಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅವರು ತಲೆ ತಗ್ಗಿಸಿ ಅದನ್ನು ನೋಡಿದರು.

"ಯಲ್ಲಾ, ಬೇಗ ಬನ್ನಿ, ಇನ್ನೊಂದು ಟೇಕ್!" ನಿರ್ದೇಶಕ ಕೂಗಿದ.

"ಆಫ್ ಇದ್ರೆ ಒಳ್ಳೇದಾಯ್ತು," ಎಂದು ಅವರು ಅಂಗಿಯನ್ನೆಳೆದು ದೀಪವನ್ನು ಮುಚ್ಚಿದರು.